ಅಗಿದ ಮುದ್ದೆ
ತೀರಿಕೊಳ್ಳುವ ಹಿಂದಿನ ದಿನವೂ ನಮ್ಮ ಯಜಮಾನರು ಹುಣಸೂರಿನ ಮೆಸ್ಸಿನಿಂದ ಮುದ್ದೆ, ಕೋಳಿಸಾರಿನ ಪಾರ್ಸೆಲ್ಲು ಹಿಡಿದುಕೊಂಡೇ ಬಂದರು. ಹೊಟ್ಟೆಯ ಚೀಲ ಕೊಯ್ದು ತೂಕ ಇಳಿಸುವ ಆಪರೇಷನ್ ಆದ ಮೇಲೆ ಅವರ ಹೊಟ್ಟೆ ಬಾಳೆಹಣ್ಣಿನಷ್ಟಾಗಿತ್ತು, ಆರ್ಡರ್ ಮಾತ್ರ ಹಳೇ ಹೊಟ್ಟೆಯದೇ. ಬೀಗರೂಟದಲ್ಲಿ ಎದುರು ಕೂತವರನ್ನೆಲ್ಲ ಸೋಲಿಸಿದ್ದ ಮನುಷ್ಯ ಅರ್ಧ ಪಾರ್ಸೆಲ್ ಕೇಳುವುದುಂಟೇ? ಮನೆಗೆ ಬಂದು ಸಾರಿನ ಮೇಲಿನ ಎಣ್ಣೆ ತೆಗೆಯುತ್ತಿದ್ದರು, ಮೊದಲು ಕೋಳಿ ತುಂಡು ತಿನ್ನುತ್ತಿದ್ದರು, ಊಟದ ಜೊತೆ ನೀರು ಕುಡಿಯಬಾರದೆಂದು ಚೊಂಬನ್ನು ಜಗಲಿಗೆ ಕಳಿಸುತ್ತಿದ್ದರು. ಆಮೇಲೆ ನಿಂಬೆಹಣ್ಣಿನಷ್ಟು ಮುದ್ದೆ ಮುರಿದು, ಬಾಗಿಲಿಗೆ ಬೆನ್ನು ಮಾಡಿ ಅಗಿಯುತ್ತಿದ್ದರು. ಏನೇ ತಿಂದರೂ ನುಣ್ಣಗೆ ಅಗಿಯಿರಿ ಎಂದಿದ್ದ ಡಾಕ್ಟರಿಗೆ, ನಮ್ಮ ಕಡೆ ಮುದ್ದೆ ನುಂಗುತ್ತಾರೆ, ಅಗಿದರೆ ನಗುತ್ತಾರೆ ಎಂದು ಯಾರು ಹೇಳಬೇಕು? ಒಮ್ಮೆ ಮೆಸ್ಸಿನಲ್ಲೇ ಅಗಿದಾಗ ಅವರ ಗೆಳೆಯ ಪುಟ್ಟಸ್ವಾಮಿ, "ಏನ್ಲಾ, ಮುದ್ದೆಗೂ ಹಲ್ಲು ಬೇಕಾಯ್ತಾ ನಿಂಗೆ?" ಅಂದಿದ್ದ. ಪಾರ್ಸೆಲ್ಲು ಶುರುವಾದದ್ದು ಅಂದಿನಿಂದ. ಮಿಕ್ಕಿದ್ದೆಲ್ಲ ನನ್ನ ಪಾಲು. ಅವರು ಇಳಿದಷ್ಟೂ ನಾನು ಊದಿದೆ. ಆ ಕೊನೆಯ ದಿನ ಮಾತ್ರ ನನ್ನ ಕಡೆ ತಿರುಗಿ ಕೂತು, "ಇಷ್ಟ್ ವರ್ಸ ಬರೀ ನುಂಗ್ಬುಟ್ಟೆ ಕಣಮ್ಮಿ. ಅಗುದ್ರೆ ರಾಗೀಲೂ ಸಿಹಿ ಅದೆ, ನೋಡು" ಎಂದು ನನ್ನ ಬಾಯಿಗೊಂದು ತುತ್ತು ಇಟ್ಟರು. "ಥೂ, ಹಲ್ಲಿಗೆ ಅಂಟ್ತದೆ ಬುಡಿ" ಅಂದು ನುಂಗಿಬಿಟ್ಟೆ. ಬೆಳಗಾಗುವಷ್ಟರಲ್ಲಿ ಅವರ ಎದೆಬಡಿತ ನಿಂತುಹೋಗಿತ್ತು. ಈಗ ದಿನಾ ಬೆಳಿಗ್ಗೆ ಹಿಟ್ಟು ತೊಳಸಿ, ನಿಂಬೆಹಣ್ಣಿನಷ್ಟು ಮುದ್ದೆ ಕಟ್ಟಿ, ಬಾಗಿಲಿಗೆ ಬೆನ್ನು ಮಾಡಿ ಕೂತು ಅಗಿಯುತ್ತೇನೆ. ಹಲ್ಲಿಗೆ ಅಂಟುತ್ತದೆ. ಸಿಹಿ ಬರುವವರೆಗೂ ನುಂಗುವುದಿಲ್ಲ.