ದಬ್ಬಣದ ಪಾಲು

ನಮ್ಮ ಹಮಾಲರ ಸಂಘದ ಬೈಲಾ ಬದಲಾದ ದಿನ ಅದನ್ನು ಓದಿದವನು ನಾನು. ಕಾನೂನು ಗೊತ್ತಿದೆ ಅಂತಲ್ಲ, ದನಿ ದೊಡ್ಡದಿದೆ ಅಂತ. ಹುಮನಾಬಾದಿನ ಮಾರುಕಟ್ಟೆ ಅಂಗಳದಲ್ಲಿ ನಾನು ಒಮ್ಮೆ ಕೂಗಿದರೆ ಲಾರಿಯೊಳಗೆ ಮಲಗಿದ ಡ್ರೈವರ್ ಎದ್ದು ಕೂತು ಗೇರ್ ಹುಡುಕುತ್ತಾನೆ ಎಂದು ಟೋಳಿಯವರು ಚೇಷ್ಟೆ ಮಾಡುತ್ತಾರೆ.

ಟೋಳಿ ಅಂದರೆ ಒಂದು ಲಾರಿಗೆ ಒಟ್ಟಿಗೆ ದುಡಿಯುವ ಹಮಾಲರ ಗುಂಪು. ಬಂದ ಕೂಲಿ ಸಮ ಪಾಲು. ಬೆನ್ನು ಸೋತವನನ್ನು ನಾವು ಮನೆಗೆ ಕಳಿಸುತ್ತಿರಲಿಲ್ಲ, ಕೈಗೆ ದಬ್ಬಣ ಕೊಟ್ಟು ಚೀಲದ ರಾಶಿಯ ಪಕ್ಕ ಕೂರಿಸುತ್ತಿದ್ದೆವು. ಅವನು ತೊಗರಿ, ಸೋಯಾ ತುಂಬಿದ ಚೀಲಗಳ ಬಾಯಿಯನ್ನು ಸುತಳಿಯಿಂದ ಹೊಲಿಯಬೇಕು. ಅವನಿಗೂ ಎತ್ತುವವನಷ್ಟೇ ಪಾಲು. ಹಳೆಯ ಬೈಲಾದಲ್ಲಿ ಅದಕ್ಕೊಂದು ಕಲಮೇ ಇತ್ತು. ನಮ್ಮ ಟೋಳಿಯ ದಬ್ಬಣ ನನ್ನ ಮಾಮಾನ ಕೈಯಲ್ಲಿತ್ತು.

ಮಾಮಾ ಅಂದರೆ ನನ್ನ ತಾಯಿಯ ತಮ್ಮ, ನನ್ನ ಹೆಂಡತಿಯ ತಂದೆ. ನನ್ನನ್ನು ಈ ಅಂಗಳಕ್ಕೆ ತಂದು ಮೊದಲ ಚೀಲ ಹೊರಿಸಿದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದರು, ಆದರೆ ಒಂದು ಹಟ ಹಿಡಿದು ಬಂದರು. ಮಗಳ ಮನೆಯಲ್ಲಿ ಬಿಟ್ಟಿ ಉಣ್ಣಬಾರದು. ದಿನದ ಪಾಲು ಮಗಳ ಕೈಗಿಟ್ಟ ಮೇಲೆಯೇ ತಟ್ಟೆಯ ಮುಂದೆ ಕೂರುತ್ತಿದ್ದರು. ಮಾರುಕಟ್ಟೆಗೆ ರಜೆ ಇದ್ದರೆ ಅಂದು ಹಿತ್ತಲಲ್ಲಿ ಏನಾದರೂ ಕೆಲಸ ಹುಡುಕಿ ಮುಗಿಸಿ ಬಂದು ಉಣ್ಣುತ್ತಿದ್ದರು. ಇದೇನು ಹುಚ್ಚು ಎಂದು ನಾನು ರೇಗಿದ್ದೂ ಉಂಟು. ನನ್ನ ರೇಗಾಟವನ್ನು ಅವರು ಎಂದೂ ಲೆಕ್ಕಕ್ಕೆ ತಗೊಂಡವರಲ್ಲ.

ಬಸವಕಲ್ಯಾಣದ ಸಂಘ ಮತ್ತು ಹುಮನಾಬಾದಿನ ಸಂಘ ಕೂಡಿ ಒಂದಾಗುವ ಮಾತಾಯಿತು. ಒಂದಾಗಬೇಕಾದರೆ ಬೈಲಾ ಹೊಸದಾಗಬೇಕು. ಒಬ್ಬ ವಕೀಲರು ಬರೆದುಕೊಟ್ಟರು. ಅಷ್ಟರಲ್ಲಿ ದಲಾಲಿ ಅಂಗಡಿಗಳಿಗೆಲ್ಲ ಚೀಲ ಹೊಲಿಯುವ ಮಷಿನ್ ಬಂದಿತ್ತು. ಹೊಸ ಬೈಲಾದಲ್ಲಿ ದಬ್ಬಣದ ಕಲಮು ತೆಗೆದು, ಭಾರ ಹೊರುವ ಸದಸ್ಯರಿಗೆ ಮಾತ್ರ ಪಾಲು ಎಂದು ಬರೆದಿದ್ದರು. ಸಭೆಗೆ ಮೊದಲೇ ನಮ್ಮ ಟೋಳಿಯವರು ಮಾತಾಡಿಕೊಂಡಿದ್ದೆವು. ಆ ಕಲಮು ಬಂದಾಗ ಎದ್ದು ನಿಂತು ಬೇಡ ಅನ್ನಬೇಕು, ಕೈ ಎತ್ತಬಾರದು. ಮಾಮಾ ತಲೆಯಾಡಿಸಿದ್ದರು.

ಸಭೆ ಬಸವಕಲ್ಯಾಣದಲ್ಲಿ, ಒಂದು ಗೋದಾಮಿನೊಳಗೆ. ಎಲ್ಲರೂ ಖಾಲಿ ಚೀಲಗಳ ಮೇಲೆ ಕೂತಿದ್ದರು. ನನ್ನ ಕೈಗೆ ಕಾಗದ ಕೊಟ್ಟರು. ಮೊದಲನೆಯ ಕಲಮನ್ನೇ ನಾನು ‘ಲಾಭ’ ಎಂದು ಶುರು ಮಾಡಿದೆ. ಧಾನ್ಯ ಅಳೆಯುವಾಗ ನಾವು ಒಂದು ಅನ್ನುವುದಿಲ್ಲ, ಲಾಭ ಅಂತಲೇ ಅನ್ನುವುದು. ಗೋದಾಮೆಲ್ಲ ನಕ್ಕಿತು, ವಕೀಲರೂ ನಕ್ಕರು. ಆಮೇಲೆ ಕಲಮು ಓದುವುದು, ಕೈ ಎತ್ತುವುದು, ಹೀಗೆ ಸಾಗಿತು. ಶೆಕೆಗೆ ಎಲ್ಲರಿಗೂ ತೂಕಡಿಕೆ.

ನಾವು ಚೀಲ ಎತ್ತುವ ರೀತಿ ಹೀಗಿದೆ. ಹೊರುವವನು ಬೆನ್ನು ಬಾಗಿಸಿ ನಿಲ್ಲುತ್ತಾನೆ, ಇಬ್ಬರು ಚೀಲದ ಎರಡು ಕಡೆ ಕೈ ಹಾಕುತ್ತಾರೆ. ನಾನು ದನಿ ಎಳೆದು, ಏರಿಸಿ, ತಟ್ಟನೆ ನಿಲ್ಲಿಸುತ್ತೇನೆ. ದನಿ ನಿಂತ ಕಡೆ ಕೈಗಳು ಏಳುತ್ತವೆ. ಅಲ್ಲಿ ಯೋಚನೆ ಮಾಡುವ ಹಾಗಿಲ್ಲ. ಮಾಡಿದರೆ ಒಬ್ಬನ ಕೈ ಮೊದಲು, ಇನ್ನೊಬ್ಬನದು ಆಮೇಲೆ, ನಡುವಿನವನ ಸೊಂಟ ಹೋಯಿತು.

ಆ ಕಲಮು ಬಂತು. ಪೂರ್ತಿ ಗಟ್ಟಿಯಾಗಿ ಓದಬೇಕು, ತೂಕಡಿಸುವವರಿಗೂ ಕೇಳಬೇಕು ಎಂದುಕೊಂಡು ದನಿ ಏರಿಸಿದೆ. ‘ಭಾರ ಹೊರುವ ಸದಸ್ಯರಿಗೆ ಮಾತ್ರ’ ಎಂದು ಎಳೆದು, ‘ಪಾಲು’ ಎಂದು ನಿಲ್ಲಿಸಿದೆ. ಅಂಗಳದಲ್ಲಿ ನಿಲ್ಲಿಸುವ ಹಾಗೆಯೇ ನಿಲ್ಲಿಸಿದ್ದೆ. ನಮ್ಮ ಟೋಳಿಯ ಕೈಗಳೆಲ್ಲ ಒಮ್ಮೆಲೇ ಮೇಲೆದ್ದವು. ಅವರನ್ನು ನೋಡಿ ಉಳಿದವರೂ ಎತ್ತಿದರು. ಮುಂದಿನ ಸಾಲಿನಲ್ಲಿ ಮಾಮಾನ ಕೈಯೂ ಮೇಲಿತ್ತು.

“ಎಲ್ಲಾರೂ ಒಪ್ಪೀರಿ. ಪಾಸ್ ಆತು, ಮುಂದಿಂದು ಓದು” ಎಂದರು ಅಧ್ಯಕ್ಷರು.

ನಮ್ಮವನೊಬ್ಬ ಎದ್ದ. “ತಪ್ಪಾಗೇದ್ರಿ, ನಾವ ಬ್ಯಾಡ ಅನ್ನಾಕ ಬಂದಿದ್ದಿವಿ.”

“ಕೈ ಎತ್ತಿದ ಮ್ಯಾಲ ಏನಪಾ? ಮುಂದಿನ ವರ್ಷದ ಸಭಾದಾಗ ನೋಡೂಣು, ಕೂಡು.”

ಅವನು ಕೂತ. ನಾನು ಮುಂದಿನ ಕಲಮು ಓದಿದೆ. ಅದು ಚಹಾದ ಖರ್ಚಿನದೋ ಏನೋ. ನನ್ನ ಬಾಯಿ ಓದುತ್ತಿತ್ತು, ನಾನು ಬೇರೆ ಎಲ್ಲೋ ಇದ್ದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೊನೆಗೆ ಚಪ್ಪಾಳೆ ಹೊಡೆದಾಗ ಎಲ್ಲರಿಗೂ ಹಂಚಿದ ಅವಲಕ್ಕಿ ಚೂಡಾದ ಪೊಟ್ಟಣ ತೆಗೆದುಕೊಂಡು ಹೊರಗೆ ಬಂದೆ.

ಹುಮನಾಬಾದಿಗೆ ಹೊರಟ ಜೀಪಿನಲ್ಲಿ ಮಾಮಾ ನನ್ನ ಎದುರಿಗೇ ಕೂತಿದ್ದರು. ಊರು ಹತ್ತಿರ ಬಂದಿತ್ತು.

“ಮಾಮಾ, ನೀವ ಯಾಕ ಕೈ ಎತ್ತಿದ್ರಿ?” ಎಂದೆ.

“ನೀ ಕೂಗಿದಿ, ನಾ ಎತ್ತಿದೆ” ಎಂದರು. ಜೀಪಿನಿಂದ ಇಳಿಯುವಾಗ, “ನಿಂದೇನ್ ತಪ್ಪಿಲ್ಲ ಬಿಡು” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಅವರು ಎಂದಿನಂತೆ ಅಂಗಳಕ್ಕೆ ಬಂದರು. ಚೀಲದ ರಾಶಿಯ ಪಕ್ಕ ಅಂಗಡಿಯವನೊಬ್ಬ ಮಷಿನ್ ಹಿಡಿದು ಹೊಲಿಯುತ್ತಿದ್ದ. ಮಾಮಾ ಅದನ್ನು ನೋಡುತ್ತ ನಿಂತರು. ಆಮೇಲೆ ಧೋತರ ಮೇಲಕ್ಕೆ ಕಟ್ಟಿ, ಟವೆಲ್ಲನ್ನು ಬೆನ್ನ ಮೇಲೆ ಹಾಸಿಕೊಂಡು, ಲಾರಿಯ ಹತ್ತಿರ ಬಂದು ಬಾಗಿ ನಿಂತರು.

“ಹೊರಸ್ರಿ” ಎಂದರು.

ಯಾರೂ ಚೀಲಕ್ಕೆ ಕೈ ಹಾಕಲಿಲ್ಲ. ನಾನು ಕೂಗಲಿಲ್ಲ. ಆ ಬೆನ್ನ ಮೇಲೆ ಒಂದು ಚೀಲ ಬಿದ್ದರೆ ಅವರು ಮತ್ತೆ ಏಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಡ್ರೈವರ್ ಹಾರ್ನ್ ಹೊಡೆದ. ನಮ್ಮವನೊಬ್ಬ ಮಾಮಾನನ್ನು ಸುತ್ತುಹಾಕಿ ಬಂದು ಪಕ್ಕದಲ್ಲಿ ಬೆನ್ನು ಬಾಗಿಸಿದ. ಅವನಿಗೆ ಹೊರಿಸಿದೆವು. ಅವನ ಹಿಂದೆ ಇನ್ನೊಬ್ಬ. ಮಾಮಾ ಬಾಗಿಯೇ ನಿಂತಿದ್ದರು. ಲಾರಿ ಅರ್ಧ ತುಂಬುವ ಹೊತ್ತಿಗೆ ನೋಡಿದರೆ ಅಲ್ಲಿರಲಿಲ್ಲ. ನಾವು ಉಳಿದರ್ಧವನ್ನೂ ತುಂಬಿದೆವು.

ಸಂಜೆ ಮನೆಗೆ ಹೋದಾಗ ಅವರು ಹಿತ್ತಲಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಒಳಗೆ ತಟ್ಟೆಯಲ್ಲಿ ಬಡಿಸಿಟ್ಟ ರೊಟ್ಟಿ ಹಾಗೇ ಇತ್ತು.

“ಅಪ್ಪ ಮಧ್ಯಾನದಿಂದ ಹಿಂಗೇ ಕುಂತಾನ. ಉಣ್ಣಾಕ ಏಳವಲ್ಲ. ಏನಾಗ್ಯಾದ?” ಎಂದಳು ಹೆಂಡತಿ.

ಬೈಲಾ ಬದಲಾದ ಕತೆ ಹೇಳಿದೆ. ಕಾಲು ತೊಳೆಯುತ್ತಲೇ ಹೇಳಿ ಮುಗಿಸಿದೆ.

“ಎಲ್ಲಾರೂ ಕೈ ಎತ್ತಿದ್ರಾ?”

“ಹೂಂ.”

“ಅಪ್ಪನೂ?”

“ಹೂಂ.”

ಅವಳು ಟವೆಲ್ ಕೊಡಲಿಲ್ಲ, ಕೈಯಲ್ಲೇ ಹಿಡಿದುಕೊಂಡು ನಿಂತಳು.

“ಮತ್ತ ನೀವ್ರಿ?”

“ನಾ ಓದಾಕತ್ತಿದ್ದೆ” ಎಂದೆ.