ಟರ್ಬೈನಿನ ಎಣ್ಣೆ ಮತ್ತು ನಸುಕಿನ ಜಳಕ

1961ರ ಕಬ್ಬಿನ ಹಂಗಾಮಿನಲ್ಲಿ ನಾನು ಹುಕ್ಕೇರಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಅಸಿಸ್ಟಂಟ್ ಎಂಜಿನಿಯರ್ ಆಗಿದ್ದೆ. ಕುಲಗೋಡದ ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನೇ. ಆ ಹೆಮ್ಮೆಯನ್ನು ಇಂದಿಗೂ ಮುಚ್ಚಿಡುವುದಿಲ್ಲ.

ಕಾರ್ಖಾನೆಗೆ ವಿದ್ಯುತ್ ಕೊಡುತ್ತಿದ್ದುದು ಒಂದು ಉಗಿ ಟರ್ಬೈನ್. ಅದರ ಬೇರಿಂಗುಗಳಿಗೂ ವೇಗವನ್ನು ಹಿಡಿತದಲ್ಲಿಡುವ ಗವರ್ನರಿಗೂ ಒಂದೇ ಎಣ್ಣೆ. ಎಣ್ಣೆ ಅತಿಯಾಗಿ ಕಾದರೆ ಲೋಹದ ಮೇಲೆ ಕಂದು ಬಣ್ಣದ ಅಂಟು ಪದರ ಕಟ್ಟುತ್ತದೆ. ಅದಕ್ಕೆ ವಾರ್ನಿಶ್ ಎನ್ನುತ್ತೇವೆ.

ಡಿಸೆಂಬರಿನ ಒಂದು ಮುಂಜಾನೆ ಟರ್ಬೈನಿನ ಲೋಡ್, ಅಂದರೆ ವಿದ್ಯುತ್ತಿನ ಬೇಡಿಕೆ, ಒಮ್ಮೆಲೇ ಇಳಿಯಿತು. ಗವರ್ನರಿನ ವಾಲ್ವ್ ಕಚ್ಚಿಕೊಂಡು, ವೇಗ ಮಿತಿಮೀರಿ ಟರ್ಬೈನ್ ಚೀರತೊಡಗಿತು. ಆಪರೇಟರ್ ಈರಪ್ಪ ಓಡಿಹೋಗದೆ, ಉಗಿಯನ್ನು ತಡೆಯುವ ಟ್ರಿಪ್ ಸನ್ನೆಯನ್ನು ಕೈಯಿಂದಲೇ ಹೊಡೆದು ನಿಲ್ಲಿಸಿದ. ಬಿಚ್ಚಿ ನೋಡಿದರೆ ವಾಲ್ವಿನ ತುಂಬ ವಾರ್ನಿಶ್.

“ಹಂಗಾಮಿಗೆ ಹೊಸಾ ಎಣ್ಣಿ ಹಾಕೇವಿ. ಇದು ಇವನ ನಿಷ್ಕಾಳಜಿ,” ಎಂದು ಮ್ಯಾನೇಜರ್ ನನಗೆ ಹೇಳಿದರು. “ಬ್ಯಾರೆ ಕಾರಣ ಇದ್ರ ಹುಡುಕ್ರಿ. ಇಲ್ಲಾಂದ್ರ ಇವನ್ನ ಮನಿಗೆ ಕಳಸ್ತೇನಿ.”

“ಮಷೀನ್ ಉಳಿಸಿದಾಂವಗ ಮನಿ ದಾರಿ ಏನ್ರಿ ಸಾಹೇಬ್ರ?” ಎಂದು ಈರಪ್ಪ ನನ್ನನ್ನು ಕೇಳಿದ.

ವಾಲ್ವ್ ಉಜ್ಜಿ, ಎಣ್ಣೆ ಬದಲಿಸಿ ಮತ್ತೆ ಶುರು ಮಾಡಿದೆವು. ದಿನಾ ಬೆಳಗಿನ ಹತ್ತು ಗಂಟೆಗೆ ನಾನು ನೋಡಿದಾಗ ಎಣ್ಣೆ 45 ಡಿಗ್ರಿ, ಇರಬೇಕಾದಷ್ಟೇ. ಒಂದು ದಿನ ನಸುಕಿನಲ್ಲೇ ಹೋದೆ. ಉಷ್ಣಮಾಪಕ 78 ತೋರಿಸುತ್ತಿತ್ತು. ಗೋಡೆಯಾಚೆ ನಗು ಕೇಳಿಸಿತು. ಎಣ್ಣೆಯನ್ನು ತಣಿಸಿ ಹೊರಬರುವ ನೀರಿನ ಪೈಪಿನ ಕೆಳಗೆ ಏಳೆಂಟು ಮಂದಿ ಜಳಕ ಮಾಡುತ್ತಿದ್ದರು. ಒಳಗೆ, ಎಣ್ಣೆ ತಣಿಸುವ ಕೂಲರಿನ ನೀರಿನ ವಾಲ್ವನ್ನು ಮುಕ್ಕಾಲು ಮುಚ್ಚಿದ್ದರು. ನೀರು ಕಡಿಮೆ ಹರಿದಷ್ಟೂ ಬಿಸಿಯಾಗುತ್ತದೆ, ಎಣ್ಣೆಯೂ ಕಾಯುತ್ತದೆ.

“ಯಾರು ತಿರುವಿದ್ರಿ ಆ ವಾಲ್ವ್?”

“ನಾನ ರೀ,” ಎಂದ ಈರಪ್ಪ, ತಲೆ ಒರೆಸಿಕೊಳ್ಳುತ್ತ. “ಎಲ್ಲಾರ ಜಳಕ ಆದ ಮ್ಯಾಲ ತಗೀತೇನ್ರಿ. ಛಳಿ ನಮಗ, ಎಣ್ಣಿಗೇನ್ ಛಳೀರಿ?”

ಎಲ್ಲರೂ ನಕ್ಕರು. ನಾನು ಒಳಗೆ ಹೋಗಿ ವಾಲ್ವನ್ನು ಪೂರ್ತಿ ತೆರೆದೆ. ಯಾರನ್ನು ಉಳಿಸಲು ಕಾರಣ ಹುಡುಕುತ್ತಿದ್ದೆನೋ ಅವನೇ ಕಾರಣ.

ಮ್ಯಾನೇಜರಿಗೆ ಇದ್ದುದನ್ನು ಇದ್ದಂತೆ ಹೇಳಿದೆ. “ತಿರುವಿದಾಂವ ಈರಪ್ಪನ ಖರೆ. ಆದ್ರ ಈ ಛಳಿಯಾಗ ಬಿಸಿನೀರು ಬ್ಯಾರೆ ಎಲ್ಲಿ ಐತ್ರಿ? ಎಣ್ಣಿ ಕಾದ್ರ ಏನಾಕ್ಕೈತಿ ಅಂತ ಅವಗ ಯಾರು ಹೇಳ್ಯಾರ್ರಿ?”

ಬಾಯ್ಲರಿನಿಂದ ಕಾರ್ಖಾನೆಯೊಳಗೇ ಜಳಕಕ್ಕೆ ಬೇರೆ ಪೈಪು ಬಂತು. ಕೂಲರಿನ ವಾಲ್ವಿಗೆ ಬೀಗ ಬಿತ್ತು. ಈರಪ್ಪನ ಕೆಲಸ ಉಳಿಯಿತು, ಆದರೆ ಕಬ್ಬಿನ ಗಾಡಿ ಇಳಿಸುವ ಅಂಗಳದಲ್ಲಿ. ಎದುರಾದಾಗ ಒಮ್ಮೆ ಅಂದ: “ಬಿಸಿನೀರು ಒಳಗ ಬಂತ್ರಿ ಸಾಹೇಬ್ರ, ನಾ ಹೊರಗ ಬಂದ್ನಿ.”

ಮುಂದೆ ಯಾವ ಕಾರ್ಖಾನೆಗೆ ಹೋದರೂ, ಉಷ್ಣಮಾಪಕ ನೋಡುವ ಮೊದಲು ಅಲ್ಲಿಯ ಮಂದಿಯನ್ನು ಒಂದು ಮಾತು ಕೇಳುತ್ತಿದ್ದೆ: “ನೀವು ಜಳಕ ಎಲ್ಲಿ ಮಾಡ್ತೀರಿ?”