ಕರಿಮೀಸೆಯ ಅಳಿಯಂದಿರು

ಬೀಜದಕ್ಕನನ್ನು ನಾನು ಮೊದಲು ಕಂಡದ್ದು ನಮ್ಮ ಶಾಲೆಯ ಮಕ್ಕಳನ್ನು ಆಕೆಯ ಹೊಲಕ್ಕೆ ಕರೆದುಕೊಂಡು ಹೋದ ದಿನ. ಗೋಧಿ ಎದೆಯೆತ್ತರ ಬೆಳೆದು ಹಣ್ಣಾಗತೊಡಗಿತ್ತು. ಅದರ ನಡುವೆ ಒಂದು ಬಿಳಿಯ ತಲೆವಸ್ತ್ರ ಮುಳುಗುತ್ತ ಏಳುತ್ತ ನಮ್ಮ ಕಡೆಗೆ ಬಂತು. ನಡುವಯಸ್ಸಿನ ಹೆಂಗಸು, ಕಂಕುಳಲ್ಲಿ ಬೇರುಸಹಿತ ಕಿತ್ತ ಗಿಡಗಳ ಕಂತೆ.

"ಕಳೆ ಕೀಳ್ತಾ ಇದ್ದೀರಾ ಅಕ್ಕಾ?" ಎಂದು ಹುಡುಗಿಯೊಬ್ಬಳು ಕೇಳಿದಳು.

"ಕಳೆ ಯಾರು ಬೇಕಾದ್ರೂ ಕೀಳ್ತಾರೆ ಪುಟ್ಟಿ. ನಾನು ಗೋಧಿಯೊಳಗಿಂದ ಗೋಧಿ ಕೀಳ್ತೀನಿ."

ಮಕ್ಕಳು ಘೊಳ್ಳೆಂದು ನಕ್ಕರು. ಆಕೆ ನಗಲಿಲ್ಲ. ಎರಡು ತೆನೆಗಳನ್ನು ಅಂಗೈಯ ಮೇಲಿಟ್ಟು ತೋರಿಸಿದಳು. ಒಂದರ ಮೀಸೆ ಹೊಂಬಣ್ಣ, ಇನ್ನೊಂದರದು ಮಸಿ ಬಳಿದಂತೆ ಕಪ್ಪು. ಹೊಂಬಣ್ಣದ ಮೀಸೆಯದು ಮನೆತನದ ಹಳೆಯ ಕೆಂಪು ಕಾಳಿನ ಗೋಧಿಯಂತೆ. ಕಪ್ಪು ಮೀಸೆಯದರ ಕಾಳೂ ಕಪ್ಪು, ಅದು ಎಂದೋ ಒಳಗೆ ಸೇರಿಕೊಂಡ ಕಲಬೆರಕೆಯಂತೆ. ಕಿತ್ತದ್ದೆಲ್ಲ ಕೋಳಿಗಳ ಪಾಲು. ಮಕ್ಕಳು ಕಾಡಿ ಬೇಡಿ ಒಂದು ಹಿಡಿ ಕಪ್ಪು ತೆನೆ ಈಸಿಕೊಂಡು ಬಂದು, ತರಗತಿಯ ಕಪಾಟಿನಲ್ಲಿ ಹಕ್ಕಿಯ ಗರಿ, ಕಪ್ಪೆಚಿಪ್ಪುಗಳ ಪಕ್ಕ ಗಾಜಿನ ಭರಣಿಯೊಳಗೆ ಇಟ್ಟರು. ಆಮೇಲೆ ಎಲ್ಲರೂ ಅದನ್ನು ಮರೆತರು.

ಬೀಜದಕ್ಕ ಆ ಮನೆಗೆ ಸೊಸೆಯಾಗಿ ಬಂದಾಗ ಸುತ್ತಲ ಹೊಲಗಳಲ್ಲೆಲ್ಲ ಅಂಗಡಿಯ ಬೀಜದ ಗಿಡ್ಡ ಗೋಧಿಯೇ ತುಂಬಿತ್ತು. ಎತ್ತರದ ಕೆಂಪು ಗೋಧಿಯನ್ನು ಪಟ್ಟು ಬಿಡದೆ ಬಿತ್ತುತ್ತಿದ್ದವರು ಆಕೆಯ ಅತ್ತೆ ಒಬ್ಬರೇ. ಗಂಡ ಲಾರಿ ಓಡಿಸುತ್ತ ಊರೂರು ತಿರುಗುತ್ತಿದ್ದ. ಹೊಲದ ಉಸಾಬರಿ ಅತ್ತೆ ಸೊಸೆಯರದು. ಯಾವ ತೆನೆ ಬೀಜಕ್ಕೆ, ಯಾವುದು ಊಟಕ್ಕೆ, ಮಡಕೆಯಲ್ಲಿ ಬೂದಿ ಎಷ್ಟು ಬೆರೆಸಬೇಕು, ಮುಚ್ಚಳದ ಸುತ್ತ ಮಣ್ಣು ಹೇಗೆ ಮೆತ್ತಬೇಕು, ಎಲ್ಲವನ್ನೂ ಅತ್ತೆ ಕೈಹಿಡಿದು ಕಲಿಸಿದರು.

ಕೆಲವು ವರ್ಷಗಳಲ್ಲಿ ಗಾಳಿ ಬೇರೆ ಕಡೆಗೆ ಬೀಸಿತು. ರಾಸಾಯನಿಕ ಸೋಕದ ಹಳೆಯ ಕಾಳಿಗೆ ಪೇಟೆಯಲ್ಲಿ ಬೇಡಿಕೆ ಹುಟ್ಟಿತು. ಗಿರಣಿಯವನೊಬ್ಬ ಮೂಲೆಗೆ ಬಿದ್ದಿದ್ದ ಬೀಸುಕಲ್ಲುಗಳನ್ನು ಎತ್ತಿ ನಿಲ್ಲಿಸಿದ. ಸುತ್ತಲಿನ ಹಲವು ಮನೆಗಳವರು ಒಂದು ಗುಂಪು ಕಟ್ಟಿಕೊಂಡು, ಬೀಜಕ್ಕೆ ಈಕೆಯ ಬಾಗಿಲಿಗೆ ಬಂದರು. ಸೊಸೆ ಬೀಜದಕ್ಕ ಆದದ್ದು ಹಾಗೆ. ನಮ್ಮ ಸುತ್ತಿನ ಹಿಟ್ಟು, ನಮ್ಮ ಶಾಲೆಯ ಮಧ್ಯಾಹ್ನದ ರೊಟ್ಟಿ, ಎಲ್ಲದರ ಮೂಲ ಆಕೆಯ ಒಳಕೋಣೆಯ ಮಡಕೆಗಳು.

ಗಿರಣಿಯವನಿಗೆ ಒಂದೇ ಕೊರಗು. "ಅಕ್ಕಾ, ನಿಮ್ಮ ಗೋಧಿಗೆ ಕೈಮುಗೀತೀನಿ. ಆದ್ರೆ ಇದರಲ್ಲಿ ಕಪ್ಪು ಕಾಳು ಬರ್ತವಲ್ಲ, ಹಿಟ್ಟು ಒಂದು ಚೀಲದ್ದು ಒಂದು ಥರ. ರೊಟ್ಟಿ ಮಾಡೋರು ನನ್ನ ತಲೆ ತಿಂತಾರೆ."

"ತಲೆ ಇದ್ದೋರದ್ದು ತಾನೆ ತಿನ್ನೋದು? ಬಿಡಪ್ಪ, ನೀನು ಪಾರಾದೆ" ಎಂದು ಆಕೆ ಅವನನ್ನು ನಗಿಸಿ ಕಳಿಸಿದಳು. ಆದರೆ ಮಾತು ಮನಸ್ಸಿಗೆ ನಾಟಿತು. ಮಾರನೆಯ ಸುಗ್ಗಿಗೆ ಮೊದಲು ಆಕೆ ಹೊಲಕ್ಕಿಳಿದು ಕಪ್ಪು ಮೀಸೆಯ ಗಿಡಗಳನ್ನು ಕೀಳತೊಡಗಿದಳು.

ಬದುವಿನ ಮೇಲೆ ಕುಳಿತಿದ್ದ ಅತ್ತೆ ಗದರಿದರು. "ಏ, ಏನೇ ಅದು? ಅವು ಅಳಿಯಂದಿರು ಕಣೇ! ಬಿಡು."

"ಅಳಿಯಂದಿರಾ?"

"ಹ್ಞೂಂ. ಮೀಸೆ ತಿರುವಿಕೊಂಡು ನಿಂತಿರ್ತವೆ. ಕಾಳೂ ಕಮ್ಮಿ, ಹುಲ್ಲೂ ಕಮ್ಮಿ, ಜಂಬ ಮಾತ್ರ ಜಾಸ್ತಿ. ಹಂಗಂತ ಮನೆಯಿಂದ ಆಚೆ ಹಾಕೋಕಾಗುತ್ತಾ?"

"ಯಾಕೆ ಇಟ್ಕೋಬೇಕು, ಹೇಳಿ ಅತ್ತೆ. ಸರಿಯಾಗಿ ಒಂದು ಕಾರಣ ಹೇಳಿ, ಬಿಟ್ಟುಬಿಡ್ತೀನಿ."

"ನಂಗೂ ಗೊತ್ತಿಲ್ಲ. ನಮ್ಮತ್ತೆ ಕೀಳ್ತಿರಲಿಲ್ಲ, ನಾನೂ ಕೀಳಲಿಲ್ಲ" ಎಂದರು ಅತ್ತೆ.

ಅದು ಕಾರಣವೆಂದು ಸೊಸೆಗೆ ಅನ್ನಿಸಲಿಲ್ಲ.

ವರ್ಷದಿಂದ ವರ್ಷಕ್ಕೆ ಅಳಿಯಂದಿರು ಕಡಿಮೆಯಾದರು. ಆಕೆಯ ಕಣ್ಣು ಎಷ್ಟು ಪಳಗಿತೆಂದರೆ, ಮೀಸೆಗೆ ಬಣ್ಣ ಇಳಿಯುವ ಮೊದಲೇ ಎಲೆಯ ನಿಲುವಿನಿಂದಲೇ ಅವುಗಳನ್ನು ಗುರುತಿಸುತ್ತಿದ್ದಳು. ಹೊಲ ಬಾಚಿ ಬೈತಲೆ ತೆಗೆದ ತಲೆಯಂತೆ ಕಾಣುತ್ತಿತ್ತು. ಆ ಅಂದಕ್ಕೆ ಆಕೆಯೇ ಸೋತಳು. ಗಿರಣಿಯವನದು ನೆಪವಷ್ಟೆ. ಗುಂಪಿನ ಮನೆಗಳಿಗೆಲ್ಲ ಹೋಗಿ, "ನಿಮ್ಮ ಹಳೇ ಬೀಜದಲ್ಲಿ ಕಪ್ಪಿದೆ. ಅದನ್ನ ಬೀಸಿ ಊಟ ಮಾಡ್ಬಿಡಿ. ನನ್ನ ಹತ್ರ ಶುದ್ಧವಾದದ್ದು ಇದೆ, ಕೊಡ್ತೀನಿ" ಎಂದು ತಾನೇ ಹೇಳಿಬಂದಳು. ಅವರು ನಂಬಿದರು, ಬೀಸಿ ಉಂಡರು.

ಕೊನೆಗೆ ಆ ವರ್ಷ ಬಂತು. ತೆನೆ ಹಾಲುಗಟ್ಟುವ ಹೊತ್ತಿಗೆ ಮಂಜು ಇಳಿದದ್ದು ಏಳಲೇ ಇಲ್ಲ. ಒಂದು ಬೆಳಿಗ್ಗೆ ಬೀಜದಕ್ಕ ಹೊಲ ಹಾದು ಬಂದಾಗ ಮೊಣಕೈಯವರೆಗೆ ಇಟ್ಟಿಗೆಬಣ್ಣದ ಪುಡಿ ಮೆತ್ತಿಕೊಂಡಿತ್ತು. ಒರೆಸಿದರೆ ಬೆರಳಿಗೆ ಅಂಟಿತು. ತುಕ್ಕು ರೋಗ.

ಪಕ್ಕದ ಹೊಲಕ್ಕೇ ಮದುವೆಯಾಗಿ ಹೋಗಿದ್ದ ನಾದಿನಿ ಬೇಲಿಯಾಚೆಯಿಂದ ಕೂಗಿದಳು. "ಅತ್ತಿಗೆ, ನಾವು ಔಷಧಿ ಹೊಡೆಸಿದ್ವಿ. ನೀವೂ ಒಂದ್ಸಲ ಹೊಡೆಸಿಬಿಡಿ. ಗೋಧಿ ಏನು ಬಾಯಿಬಿಟ್ಟು ಹೇಳುತ್ತಾ?"

"ಗೋಧಿ ಹೇಳಲ್ಲಮ್ಮ. ತಿನ್ನೋರು ಕೇಳಿದ್ರೆ ನಾನು ಹೇಳಬೇಕಲ್ಲ."

"ಹೇಳ್ಕೊಂಡು ಕೂತ್ಕೊಳ್ಳಿ ಹಾಗಾದ್ರೆ, ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ಕೊಂಡು!" ನಾದಿನಿಯ ನಾಲಗೆ ಹರಿತ, ಆದರೆ ಆ ಸಂಜೆ ಒಂದು ಪಾತ್ರೆ ಹಾಲು ತಂದು ಸದ್ದಿಲ್ಲದೆ ಜಗಲಿಯ ಮೇಲಿಟ್ಟು ಹೋದವಳೂ ಅವಳೇ.

ಹೊಲ ನಿಂತಲ್ಲೇ ಒಣಗಿತು. ಗುಂಪಿನ ಪ್ರತಿಯೊಂದು ಹೊಲವೂ ಹಾಗೆಯೇ ಆಯಿತು, ಏಕೆಂದರೆ ಎಲ್ಲ ಕಡೆಯೂ ಇದ್ದದ್ದು ಈಕೆ ಕೊಟ್ಟ ಅದೇ ಒಂದು ಬೀಜ. ಒಕ್ಕಿದರೆ ಸಿಕ್ಕಿದ್ದು ಸುಕ್ಕಿದ ಕಾಳು, ಊದಿದರೆ ಹಾರಿಹೋಗುವಂಥದ್ದು. ಗಿರಣಿಯವನು ಬಂದು ಜಗಲಿಯ ತುದಿಯಲ್ಲಿ ಕುಳಿತು, ನೆಲ ನೋಡುತ್ತ, "ಕಲ್ಲು ಸುಮ್ನೆ ನಿಲ್ಲಿಸೋಕಾಗಲ್ಲ ಅಕ್ಕಾ. ಹೊರಗಿನ ಗೋಧಿ ತರಿಸ್ತಾ ಇದ್ದೀನಿ. ತಪ್ಪು ತಿಳ್ಕೋಬೇಡಿ" ಎಂದ. ಆಕೆ ತಲೆಯಾಡಿಸಿದಳು.

ಅತ್ತೆ ಆಗಲೇ ಹಾಸಿಗೆ ಹಿಡಿದಿದ್ದರು. ಸೊಸೆ ಊಟ ತಿನ್ನಿಸಲು ಹೋದಾಗ ಅವಳ ತೋಳನ್ನು ಹಿಡಿದು, ಒಕ್ಕುವಾಗ ಮೆತ್ತಿದ ಕೆಂಪು ಪುಡಿಯ ಮೇಲೆ ಬೆರಳೆಳೆದು, ಮೂಸಿ ನೋಡಿದರು.

"ಈ ವಾಸನೆ ನಂಗೊತ್ತು" ಎಂದರು. "ನಾನು ಬಂದ ಹೊಸದರಲ್ಲಿ ಒಂದು ವರ್ಷ ಹೊಲವೆಲ್ಲ ಹಿಂಗೇ ಕೆಂಪಾಗಿತ್ತು. ಆ ವರ್ಷ ಪೂರ್ತಿ ಮನೇಲಿ ಗಂಜಿ ಕಪ್ಪಗಿತ್ತು. ಕಪ್ಪು ಗಂಜಿ ಅಂತ ನಾನು ಮೂತಿ ತಿರುವಿದ್ದೆ, ನಮ್ಮತ್ತೆ ಬೈದಿದ್ರು."

ಸೊಸೆ ಚಮಚ ಕೆಳಗಿಟ್ಟಳು.

"ಕಪ್ಪು ಗಂಜಿ ಅಂದ್ರೆ... ಅಳಿಯಂದಿರು ತುಕ್ಕಿಗೆ ಬಗ್ಗದೆ ಉಳ್ಕೊಂಡಿದ್ರು ಅತ್ತೆ."

"ಹೌದಲ್ಲ" ಎಂದರು ಅತ್ತೆ. "ಇಷ್ಟು ವರ್ಷ ಗಂಜಿ ಬಣ್ಣ ನೆನಪಿತ್ತು, ಯಾಕೆ ಅಂತ ಹೊಳೀಲಿಲ್ಲ ಕಣೇ. ಹೊಳೆದಿದ್ರೆ ನಿನ್ನ ಕೈ ಹಿಡಿದು ನಿಲ್ಲಿಸ್ತಿದ್ದೆ."

ಬೈದಿದ್ದರೆ ಚೆನ್ನಾಗಿತ್ತು ಎಂದು ಬೀಜದಕ್ಕನಿಗೆ ಅನ್ನಿಸಿತು. ಅತ್ತೆ ಬೈಯಲಿಲ್ಲ. ಗೋಡೆಯ ಕಡೆಗೆ ಹೊರಳಿ ಮಲಗಿದರು. ಬೇಸಿಗೆ ಕಳೆಯುವ ಮೊದಲೇ ತೀರಿಕೊಂಡರು.

ಆಮೇಲೆ ಬೀಜದಕ್ಕ ಮನೆಮನೆಯ ಬಾಗಿಲು ತಟ್ಟಿದಳು. ಒಂದು ಕಾಲದಲ್ಲಿ ಶುದ್ಧ ಬೀಜ ಹಂಚಲು ತುಳಿದ ಹಾದಿಯಲ್ಲೇ ಈಗ ಕಪ್ಪು ಕಾಳು ಬೇಡುತ್ತ ನಡೆದಳು. "ನೀವೇ ಅಲ್ವಾ ಬೀಸಿಬಿಡಿ ಅಂದಿದ್ದು?" ಎಂದು ಕೆಲವರು ಕೇಳಿದರು. ಕೆಲವರು ಕೇಳದೆ ಬಾಗಿಲು ಮುಂದೆ ಮಾಡಿಕೊಂಡರು. ಒಬ್ಬ ಅಜ್ಜಿ ಮಾತ್ರ ಕುಡಿಯಲು ನೀರು ಕೊಟ್ಟು, ಖಾಲಿ ಕಣಜದ ಮೂಲೆಮೂಲೆ ಗುಡಿಸಿ ನೋಡಿ, ಕೈ ಕೊಡವಿದಳು.

ಶಾಲೆಯ ಭರಣಿಯ ನೆನಪಾದದ್ದು ಎಲ್ಲಕ್ಕಿಂತ ಕೊನೆಗೆ. ಆಕೆ ಚಪ್ಪಲಿಯನ್ನೂ ಮೆಟ್ಟದೆ ತರಗತಿಯ ಬಾಗಿಲಿಗೆ ಬಂದು ನಿಂತಳು. ಭರಣಿಯನ್ನು ಕೆಳಗಿಳಿಸಿ ಕಾಗದದ ಮೇಲೆ ಸುರಿದರೆ, ತೆನೆಗಳು ತೆನೆಯ ಆಕಾರದಲ್ಲೇ ಇದ್ದವು, ಮುಟ್ಟಿದೊಡನೆ ಪುಡಿಯಾದವು. ಹುಳು ಒಳಗಿನದನ್ನೆಲ್ಲ ತಿಂದು ಸಿಪ್ಪೆ ಬಿಟ್ಟಿತ್ತು. ಆಕೆ ನೆಲದ ಮೇಲೆ ಕುಳಿತು, ಮಕ್ಕಳು ಸುತ್ತ ನೆರೆದು ನೋಡುತ್ತಿರಲು, ಒಂದೊಂದೇ ಕಾಳನ್ನು ಉಗುರಿನಿಂದ ಹೊರಳಿಸಿದಳು. ತೂತಿಲ್ಲದವು ಅಂಗೈಯ ಗುಳಿಯನ್ನೂ ತುಂಬಲಿಲ್ಲ. ಅವನ್ನು ಬಾಯಿಯ ಹತ್ತಿರ ತಂದುಕೊಂಡು ಏನೋ ಅಂದಳು. ಹತ್ತಿರ ಕುಳಿತಿದ್ದ ಹುಡುಗಿ ಆಮೇಲೆ ಹೇಳಿದಳು: "'ತಪ್ಪಾಯ್ತು ಅಳಿಯಂದಿರೇ' ಅಂದ್ರು."

ಬಿತ್ತಿದ್ದರಲ್ಲಿ ಹೆಚ್ಚಿನವು ಮೊಳೆಯಲೇ ಇಲ್ಲ. ಮೊಳೆತ ಕೆಲವನ್ನು ಬಸವನಹುಳು ತಿಂದಿತು. ಒಂದೇ ಒಂದು ಗಿಡ ಮೀಸೆಯವರೆಗೆ ಬಂತು.

ಇದಾಗಿ ಕೆಲವು ಸುಗ್ಗಿಗಳು ಕಳೆದಿವೆ. ಗುಂಪು ಚದುರಿ, ಮನೆಗಳು ಒಂದೊಂದಾಗಿ ಅಂಗಡಿಯ ಬೀಜಕ್ಕೆ ಮರಳಿವೆ. ಬೀಸುಕಲ್ಲು ಎಲ್ಲಿಯದೋ ಗೋಧಿಯನ್ನು ಬೀಸುತ್ತದೆ. ಆಕೆಯನ್ನು ಈಗ ಬೀಜದಕ್ಕ ಎಂದು ಕರೆಯುವವರು ಕಡಿಮೆ. ಕರೆದರೂ ಆಕೆ ಕೂಡಲೇ ತಿರುಗುವುದಿಲ್ಲ. ದೊಡ್ಡ ಹೊಲವನ್ನು ನಾದಿನಿಯ ಮನೆಯವರೇ ಉಳುತ್ತಾರೆ. ಅಡುಗೆಮನೆಯ ಹಿಂದಿನ ಗೋಡೆಗಂಟಿದ ಪಾತಿ ಮಾತ್ರ ಆಕೆಯದು. ಅಲ್ಲಿ ತುಕ್ಕು ತಿಂದು ಉಳಿದ ಸುಕ್ಕಿದ ಕೆಂಪು ಕಾಳನ್ನೂ, ಆ ಒಂಟಿ ಗಿಡದಿಂದ ಬಂದ ಕಪ್ಪು ಕಾಳನ್ನೂ ಬೆರೆಸಿ ಬಿತ್ತುತ್ತಾಳೆ. ಬೆಳೆದದ್ದು ಒಂದು ಹೊತ್ತಿನ ಗಂಜಿಗೂ ಸಾಲದು. ಅಷ್ಟನ್ನೂ ತಿರುಗಿ ಮಡಕೆಗೇ ಹಾಕಿಡುತ್ತಾಳೆ. ಮತ್ತೊಂದು ಮಂಜಿನ ವರ್ಷ ಬಂದರೆ ಅದು ಉಳಿಯುವುದೋ ಇಲ್ಲವೋ ಆಕೆಗೂ ತಿಳಿಯದು.

ಮೊನ್ನೆ ನಾನು ಆ ಕಡೆ ಹೋದಾಗ ಆಕೆ ಪಾತಿಯ ಉದ್ದಕ್ಕೂ ಅಡ್ಡಾಡುತ್ತಿದ್ದಳು. ನಡುವೆ ಒಂದು ಗಿಡ ಮಿಕ್ಕವಕ್ಕಿಂತ ಗಿಡ್ಡಗೆ, ಸೊಟ್ಟಗೆ, ಯಾವ ಬಣ್ಣವೆಂದೂ ಹೇಳಲಾಗದ ಮೀಸೆ ಹೊತ್ತು ನಿಂತಿತ್ತು. ಆಕೆ ಅದರ ಮುಂದೆ ನಿಂತಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹೆಣೆದುಕೊಂಡಿದ್ದಳು. ಈಗೀಗ ಪಾತಿಯ ಬಳಿ ಆಕೆ ನಡೆಯುವುದು ಹಾಗೆಯೇ.

"ಬೆನ್ನು ನೋವಾ ಅಕ್ಕಾ?" ಎಂದು ಕೇಳಿದ್ದಕ್ಕೆ, "ಬೆನ್ನಿಗೇನಾಗಿದೆ. ಕೈನ ನಂಬೋಕಾಗಲ್ಲ ಮೇಷ್ಟ್ರೇ" ಎಂದಳು.